ಒಬ್ಬರೇ ಮೊರಾಕ್ಕೊಗೆ ಹೊರಟಿದ್ದರೆ ದಾಕ್ಷಿಣ್ಯ ಮನೆಯಲ್ಲೇ ಇರಲಿ

"ಮೊರಾಕ್ಕೊಗೆ ಹೆಣ್ಣುಮಗಳು ಒಬ್ಬಳೇ ಹೋಗಬಹುದಾ?" ವಾಪಸ್ ಬಂದಾಗಿನಿಂದ ಜಾಸ್ತಿ ಕೇಳಿದ ಪ್ರಶ್ನೆ ಇದು. ಹೋಗಬಹುದು. ಧೈರ್ಯವಾಗಿ ಹೋಗಬಹುದು. ಆದರೆ ಮನೆಯವರು ಹೆದರುವುದು ಒಂದಕ್ಕೆ, ಅಲ್ಲಿ ಹೋದ ಮೇಲೆ ಕಾಡುವುದು ಇನ್ನೊಂದು. ನನ್ನ ಮೈಮೇಲೆ ಯಾರೂ ಬೀಳಲಿಲ್ಲ, ಯಾರೂ ಬ್ಯಾಗ್ ಕಿತ್ತುಕೊಳ್ಳಲಿಲ್ಲ. ಆದರೆ ಬೆಳಗ್ಗೆಯಿಂದ ಸಂಜೆವರೆಗೆ ಯಾರಾದರೊಬ್ಬರು ಮಾತಾಡಿಸುತ್ತಲೇ ಇರುತ್ತಾರೆ. ಯಾವ ದೇಶ, ಎಲ್ಲಿಗೆ ಹೊರಟಿದ್ದೀರಿ, ಒಬ್ಬರೇನಾ, ಗಂಡ ಎಲ್ಲಿ, ನಮ್ಮ ಅಂಗಡಿಗೆ ಬನ್ನಿ. ಇದಕ್ಕೆಲ್ಲ ನಗುನಗುತ್ತಾ ಉತ್ತರ ಕೊಡುತ್ತಾ ಹೋದರೆ ಸಂಜೆ ಹೊತ್ತಿಗೆ ತಲೆ ಚಿಟ್ಟು ಹಿಡಿಯುತ್ತದೆ. ಕರೆದವರಿಗೆ ಓಗೊಡದೆ ಹೋಗುವುದು ನಮ್ಮಂಥವರಿಗೆ ಕಷ್ಟ. ಅಲ್ಲಿ ಮೊದಲು ಕಲಿಯಬೇಕಾದದ್ದೇ ಅದು.

ಹೊರಡುವ ವಿಷಯ ಬೇಗ ಮುಗಿಸಿಬಿಡುತ್ತೇನೆ. ಭಾರತದವರಿಗೆ ವೀಸಾ ಬೇಕು. ಇ-ವೀಸಾ ವ್ಯವಸ್ಥೆ ಇದೆ, ಸರ್ಕಾರಿ ವೆಬ್‌ಸೈಟ್‌ನಲ್ಲೇ ನಿಯಮ ನೋಡಿ ಅರ್ಜಿ ಹಾಕಿ. ಬೆಂಗಳೂರಿನಿಂದ ನೇರ ವಿಮಾನ ಇಲ್ಲ. ದುಬೈ, ಅಬುಧಾಬಿ ಅಥವಾ ದೋಹಾದಲ್ಲಿ ಬದಲಿಸಿ ಕಾಸಾಬ್ಲಾಂಕಾಗೆ ಇಳಿಯಬೇಕು. ಡ್ರೋನ್ ಇದ್ದರೆ ಮನೆಯಲ್ಲೇ ಬಿಡಿ, ಕಸ್ಟಮ್ಸ್‌ನಲ್ಲಿ ಹಿಡಿದಿಟ್ಟುಕೊಳ್ಳುತ್ತಾರೆ.

ಎಲ್ಲರೂ ಮಾರಾಕೇಶ್‌ನಿಂದ ಶುರು ಮಾಡುತ್ತಾರೆ. ನಾನಾದರೆ ಅದನ್ನು ಕೊನೆಗೆ ಇಡಿ ಅನ್ನುತ್ತೇನೆ. ಕಾಸಾಬ್ಲಾಂಕಾ ವಿಮಾನ ನಿಲ್ದಾಣದ ಒಳಗಿಂದಲೇ ರೈಲು ಹೊರಡುತ್ತದೆ. ಕಾಸಾ ವಾಯಾಜರ್ ಸ್ಟೇಷನ್‌ನಲ್ಲಿ ಬದಲಿಸಿ ರಬಾತ್‌ಗೆ ಹೋಗಿ. ಅದು ರಾಜಧಾನಿ. ಟ್ರಾಮ್ ಇದೆ, ಆಫೀಸಿಗೆ ಹೋಗುವ ಹೆಂಗಸರು ತುಂಬಿರುತ್ತಾರೆ, ಅಂಗಡಿಯವರು ಕೈ ಹಿಡಿದು ಎಳೆಯುವುದಿಲ್ಲ. ಹಳೇ ಊರಿನಲ್ಲಿ ಸುಮ್ನೆ ಓಡಾಡಬಹುದು. ಎರಡು ದಿನ ಅಲ್ಲಿದ್ದು ಆ ದೇಶದ ನಡೆ-ನುಡಿ ಸ್ವಲ್ಪ ರೂಢಿಯಾದ ಮೇಲೆ ಫೆಸ್, ಆಮೇಲೆ ಮಾರಾಕೇಶ್. ಈ ಕ್ರಮ ಒಂದೇ ಅರ್ಧ ತಲೆನೋವು ಕಡಿಮೆ ಮಾಡುತ್ತದೆ.

ಯಾವ ಊರಿಗೇ ಆಗಲಿ, ಬೆಳಕಿರುವಾಗ ತಲುಪಿ. ಉಳಿದ ಯಾವ ಸಲಹೆ ಮರೆತರೂ ಇದನ್ನು ಮರೆಯಬೇಡಿ. ಹಳೇ ಊರನ್ನು ಅಲ್ಲಿ ಮದೀನಾ ಅನ್ನುತ್ತಾರೆ. ಸುತ್ತ ಕೋಟೆಗೋಡೆ, ಒಳಗೆ ಕಾರು ಹೋಗದ ಗಲ್ಲಿಗಳು. ನೀವು ಉಳಿಯುವ ರಿಯಾದ್, ಅಂದರೆ ನಡುವೆ ಅಂಗಳವಿರುವ ಹಳೇ ಮನೆ, ಅಂಥ ಗಲ್ಲಿಯ ತುದಿಯಲ್ಲಿ ಇರುತ್ತದೆ. ಎಷ್ಟೋ ಕಡೆ ಹೊರಗೆ ಬೋರ್ಡ್ ಕೂಡ ಕಾಣುವುದಿಲ್ಲ. ಟ್ಯಾಕ್ಸಿ ನಿಮ್ಮನ್ನು ಬಾಗಿಲ ಹತ್ತಿರ, ಅಂದರೆ ಕೋಟೆಯ ಬಾಗಿಲ ಹತ್ತಿರ, ಇಳಿಸಿ ಹೋಗುತ್ತದೆ. ಸೂಟ್‌ಕೇಸ್ ಹಿಡಿದು ಮೊಬೈಲ್ ನೋಡುತ್ತಾ ನಿಂತರೆ ಎರಡು ನಿಮಿಷದಲ್ಲಿ ನಾಲ್ಕು ಜನ ಸುತ್ತಿಕೊಳ್ಳುತ್ತಾರೆ. ಅದಕ್ಕೇ ಬುಕ್ ಮಾಡುವಾಗಲೇ ರಿಯಾದ್‌ನವರಿಗೆ ಮೆಸೇಜ್ ಹಾಕಿ: ಇಂಥ ಗಂಟೆಗೆ ಇಂಥ ಬಾಗಿಲಿಗೆ ಬರುತ್ತೇನೆ, ಒಬ್ಬರನ್ನು ಕಳಿಸಿ ಅಂತ. ಹೆಚ್ಚಿನವರು ಕಳಿಸುತ್ತಾರೆ. ಸ್ವಲ್ಪ ದುಡ್ಡು ಕೇಳಿದರೂ ಕೊಡಿ, ಜಿಪುಣತನ ತೋರಿಸುವ ಜಾಗ ಇದಲ್ಲ. ರೂಮ್ ಆರಿಸುವಾಗ ಒಂಟಿಯಾಗಿ ಉಳಿದ ಹೆಂಗಸರು ಬರೆದ ಅಭಿಪ್ರಾಯಗಳನ್ನು ಹುಡುಕಿ ಓದಿ. "ಮಾಲೀಕರು ತುಂಬಾ ಸ್ನೇಹಪರ" ಅಂತ ಗಂಡಸರು ಬರೆದದ್ದು ನಮಗೆ ಉಪಯೋಗಕ್ಕೆ ಬಾರದು. ಕೋಣೆಗೆ ಒಳಗಿನಿಂದ ಚಿಲಕ ಇದೆಯಾ ಅಂತ ಕೇಳಲು ಸಂಕೋಚ ಬೇಡ. ಹಳೇ ಮನೆಗಳಲ್ಲಿ ಕೆಲವು ಕೋಣೆಗೆ ಬರೀ ಪರದೆ, ಕದ ಅಷ್ಟೇ.

ಫೆಸ್‌ನ ಮದೀನಾದಲ್ಲಿ ಗಲ್ಲಿಗಳ ಲೆಕ್ಕ ಸಾವಿರಗಳಲ್ಲಿ. ಎರಡೂ ಕಡೆ ಎತ್ತರದ ಗೋಡೆ ಇರುವುದರಿಂದ ಮೊಬೈಲ್‌ನ ನಕ್ಷೆ ಕೂಡ ದಿಕ್ಕು ತಪ್ಪುತ್ತದೆ. ಒಂದು ಉಪಾಯ ಹೇಳುತ್ತೇನೆ. ಬಾಬ್ ಬೂಜಲೂದ್ ಅನ್ನುವ ನೀಲಿ ಬಾಗಿಲಿನಿಂದ ತಲಾ ಕಬೀರಾ, ತಲಾ ಸಗೀರಾ ಅಂತ ಎರಡು ಮುಖ್ಯ ಬೀದಿಗಳು ಕೆಳಗಿಳಿಯುತ್ತವೆ. ಇಳಿಜಾರು ಹಿಡಿದರೆ 859ರಲ್ಲಿ ಫಾತಿಮಾ ಅಲ್-ಫಿಹ್ರಿ ಎಂಬ ಹೆಣ್ಣುಮಗಳು ಕಟ್ಟಿಸಿದಳು ಅನ್ನುವ ಕರವೀಯೀನ್ ಮಸೀದಿ ಸಿಗುತ್ತದೆ. ದಾರಿ ತಪ್ಪಿದರೆ ಆ ಬೀದಿಗಳಲ್ಲಿ ಒಂದನ್ನು ಹುಡುಕಿ ಏರು ಹತ್ತಿ, ಬಾಗಿಲಿಗೆ ಬರುತ್ತೀರಿ.

ಅಲ್ಲಿನ ಹಳೇ ಆಟ "ಕ್ಲೋಸ್ಡ್". ನಾನು ಒಂದು ಗಲ್ಲಿಗೆ ತಿರುಗುತ್ತಿದ್ದಂತೆ ಹದಿನಾರು-ಹದಿನೇಳರ ಹುಡುಗ ಅಡ್ಡ ಬಂದ. "ಕ್ಲೋಸ್ಡ್, ಮೇಡಂ! ಟ್ಯಾನರಿ ಈ ಕಡೆ." ಟ್ಯಾನರಿ ಅಂದರೆ ಚರ್ಮ ಹದ ಮಾಡುವ ಜಾಗ. ಆ ಕಡೆ ಹೋದರೆ ಚರ್ಮದಂಗಡಿ, ಆಮೇಲೆ ದಾರಿ ತೋರಿಸಿದ್ದಕ್ಕೆ ಕೂಲಿ. ನಾನು ಮಾತಾಡದೆ ನಿಂತೆ. ಅಷ್ಟರಲ್ಲಿ ಆ ಮುಚ್ಚಿದ ಗಲ್ಲಿಯೊಳಗಿಂದಲೇ ಒಬ್ಬ ಹೆಂಗಸು ಬಂದಳು, ಕೈಯಲ್ಲಿ ಹಲಗೆ, ಅದರ ಮೇಲೆ ಬಟ್ಟೆ ಮುಚ್ಚಿದ ರೊಟ್ಟಿ ಹಿಟ್ಟು. ಬೀದಿಯವರೆಲ್ಲ ಸೇರಿ ಬಳಸುವ ಒಲೆಗೆ ಬೇಯಿಸಲು ಹೊರಟಿದ್ದಳು. ಹುಡುಗನ ಮುಖ, ನನ್ನ ಮುಖ ನೋಡಿ ಅವನಿಗೆ "ಹ್ಷೂಮಾ!" ಅಂದಳು. ನಾಚಿಕೆ ಆಗಲ್ವಾ ಅಂದ ಹಾಗೆ. ಹುಡುಗ ಹಲ್ಲು ಕಿರಿದು ಜಾಗ ಖಾಲಿ ಮಾಡಿದ. ಆಕೆ ಗಲ್ಲಿಯ ಕಡೆ ಗಲ್ಲ ಎತ್ತಿ ತೋರಿಸಿ, ಹೋಗು ಅನ್ನುವಂತೆ ಸನ್ನೆ ಮಾಡಿ ತನ್ನ ದಾರಿ ಹಿಡಿದಳು.

ದಾರಿ ಕೇಳಬೇಕಾದರೆ ಹೆಂಗಸರನ್ನು ಕೇಳಿ, ಇಲ್ಲವೇ ಅಂಗಡಿ ಬಿಟ್ಟು ಬರಲಾಗದ ದಿನಸಿಯವರನ್ನು ಕೇಳಿ. ತಾನಾಗಿಯೇ ಬಂದು ದಾರಿ ಹೇಳುವವನ ಹಿಂದೆ ಹೋಗಬೇಡಿ. ಗೈಡ್ ಬೇಕಿದ್ದರೆ ರಿಯಾದ್ ಮೂಲಕ ಅಧಿಕೃತ ಗೈಡನ್ನೇ ಗೊತ್ತುಮಾಡಿ, ಅವರ ಹತ್ತಿರ ಸರ್ಕಾರದ ಗುರುತಿನ ಬಿಲ್ಲೆ ಇರುತ್ತದೆ. ಹೆಣ್ಣು ಗೈಡ್‌ಗಳೂ ಇದ್ದಾರೆ, ಕೇಳಿ ನೋಡಿ.

ನಾವು ಭಾರತದವರು ಅಂತ ಗೊತ್ತಾದ ಕೂಡಲೇ "ಶಾರುಖ್ ಖಾನ್!" "ನಮಸ್ತೇ!" ಶುರುವಾಗುತ್ತದೆ. ಹಿಂದಿ ಸಿನಿಮಾ ಅಂದರೆ ಅಲ್ಲಿಯವರಿಗೆ ನಿಜವಾಗಿಯೂ ಪ್ರೀತಿ. ಒಬ್ಬ ಅಜ್ಜಿಯಂತೂ ರೈಲಿನಲ್ಲಿ ಹಿಂದಿ ಹಾಡನ್ನೇ ಹಾಡಿದರು. ಆದರೆ ಬಜಾರಿನಲ್ಲಿ ಅದೇ ಮಾತು ಗಾಳವೂ ಹೌದು. ದಾಕ್ಷಿಣ್ಯಕ್ಕೆ ಬಸುರಾದರೆ ಹೆರೋಕೆ ಜಾಗ ಇಲ್ಲ ಅನ್ನುತ್ತಾರಲ್ಲ, ಪುದೀನಾ ಚಹಾ ಕುಡಿದು ಕಾರ್ಪೆಟ್ ಬಿಚ್ಚಿಸಿದ ಮೇಲೆ ಬರಿಗೈಲಿ ಎದ್ದು ಬರುವುದು ಸುಲಭ ಅಲ್ಲ. "ಲಾ, ಶುಕ್ರನ್", ಅಂದರೆ ಬೇಡ, ಥ್ಯಾಂಕ್ಸ್ ಅಂತ ಒಮ್ಮೆ ಹೇಳಿ. ಎರಡನೇ ಸಲ ಹೇಳಬೇಡಿ, ನಿಲ್ಲಬೇಡಿ, ಕಾರಣ ಕೊಡಬೇಡಿ. ಮಾತಾಡಲೇಬೇಕಾದ ಗಂಡಸರನ್ನು "ಖುಯಾ" ಅನ್ನಿ. ನಾವು ಆಟೋದವರಿಗೆ ಅಣ್ಣಾ ಅನ್ನುವ ಹಾಗೆಯೇ ಅದು. ಮಾತಿನ ಧಾಟಿ ತಕ್ಷಣ ಬದಲಾಗುತ್ತದೆ.

ಯಾರಾದರೂ ಬಿಡದೆ ಹಿಂಬಾಲಿಸಿದರೆ, ಮೈ ಮುಟ್ಟಿದರೆ ಆಗ ಸುಮ್ಮನಿರಬೇಡಿ. ಜನರ ನಡುವೆ ನಿಂತು ಗಟ್ಟಿಯಾಗಿ ಆ "ಹ್ಷೂಮಾ" ಅನ್ನಿ. ಸುತ್ತಲಿನವರು ತಿರುಗಿ ನೋಡುತ್ತಾರೆ. ಮಹಿಳೆಯರ ಮೇಲಿನ ದೌರ್ಜನ್ಯ ತಡೆಯುವ 103-13ನೇ ಕಾನೂನು 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ಬೀದಿಯಲ್ಲಿ ಪೀಡಿಸುವುದೂ ಅದರಡಿ ಅಪರಾಧ. ಕಾನೂನು ಇದೆ ಅಂದಮಾತ್ರಕ್ಕೆ ಚಾಳಿ ಹೋಗಿಲ್ಲ. ಆದರೆ ಮಾರಾಕೇಶ್, ಫೆಸ್‌ಗಳಲ್ಲಿ ಪ್ರವಾಸಿಗರಿಗೆಂದೇ ಪೊಲೀಸ್ ದಳ ಇದೆ, ಮಫ್ತಿಯಲ್ಲೂ ಓಡಾಡುತ್ತಾರೆ. "ಪೊಲೀಸ್" ಅಂದರೆ ಸಾಕು, ಪುಂಡರು ಜಾಗ ಬಿಡುತ್ತಾರೆ. ಊರೊಳಗೆ ಪೊಲೀಸ್ ನಂಬರ್ 19. ಊರ ಹೊರಗೆ, ಹಳ್ಳಿಗಳಲ್ಲಿ ಪೊಲೀಸ್ ಕೆಲಸ ಮಾಡುವುದು ಜಂಡಾರ್ಮರಿ ಅನ್ನುವ ಪಡೆ, ಅದಕ್ಕೆ 177. ಆಂಬುಲೆನ್ಸ್ 15. ರಬಾತ್‌ನಲ್ಲಿರುವ ನಮ್ಮ ರಾಯಭಾರ ಕಚೇರಿಯ ನಂಬರನ್ನೂ ಕಾಗದದಲ್ಲಿ ಬರೆದಿಟ್ಟುಕೊಳ್ಳಿ, ಮೊಬೈಲ್ ಚಾರ್ಜ್ ನಂಬಬೇಡಿ.

ಓಡಾಟಕ್ಕೆ ರೈಲೇ ಮೇಲು. ಕಾಸಾಬ್ಲಾಂಕಾದಿಂದ ರಬಾತ್ ಮೂಲಕ ಟ್ಯಾಂಜಿಯರ್‌ಗೆ 2018ರಿಂದ ಅಲ್ ಬೊರಾಕ್ ಅನ್ನುವ ಹೈಸ್ಪೀಡ್ ರೈಲು ಓಡುತ್ತಿದೆ. ಬೇರೆ ರೈಲುಗಳಲ್ಲಿ ಫಸ್ಟ್ ಕ್ಲಾಸ್ ತೆಗೆದುಕೊಳ್ಳಿ, ಸೀಟ್ ನಂಬರ್ ಇರುತ್ತದೆ. ರೈಲಿಲ್ಲದ ಶೆಫ್‌ಶಾವೆನ್, ಮೆರ್ಜೂಗಾ ಕಡೆಗೆ ಸಿಟಿಎಂ, ಸುಪ್ರಾಟೂರ್ಸ್ ಬಸ್ ಇವೆ. ಊರೊಳಗಿನ ಪುಟ್ಟ ಟ್ಯಾಕ್ಸಿಗೆ ಮೀಟರ್ ಇದೆ, ಮೂರು ಜನ ಮಾತ್ರ. "ಕೌಂಟರ್" ಅಂತ ಮೀಟರ್ ತೋರಿಸಿ ಹಾಕಿಸಿ, ಒಪ್ಪದಿದ್ದರೆ ಇಳಿದು ಮುಂದಿನದು ಹಿಡಿಯಿರಿ. ರಾತ್ರಿ ಒಂದೂವರೆ ಪಟ್ಟು ದರ, ಅದು ಮೋಸ ಅಲ್ಲ. ದಾರಿಯಲ್ಲಿ ಇನ್ನೊಬ್ಬರನ್ನು ಹತ್ತಿಸಿಕೊಳ್ಳುವುದೂ ಅಲ್ಲಿನ ರೂಢಿ, ಗಾಬರಿ ಬೇಡ. ಊರಿಂದೂರಿಗೆ ಹೋಗುವ ದೊಡ್ಡ ಟ್ಯಾಕ್ಸಿಯಲ್ಲಿ ಆರು ಜನರನ್ನು ತುಂಬುತ್ತಾರೆ. ಮುಂದಿನ ಸೀಟಿಗೆ ಇಬ್ಬರನ್ನು ಕೂರಿಸುವ ಹಳೇ ಕಾರಾದರೆ ಎರಡೂ ಜಾಗಕ್ಕೆ ದುಡ್ಡು ಕೊಟ್ಟು ಒಬ್ಬರೇ ಕೂತುಬಿಡಿ. ಅಲ್ಲಿನ ಹೆಂಗಸರೂ ಹೀಗೆ ಮಾಡುತ್ತಾರೆ, ಡ್ರೈವರ್ ಒಂದು ಮಾತೂ ಕೇಳಲಿಲ್ಲ.

ಮಾರಾಕೇಶ್‌ನ ಜಮಾ ಅಲ್-ಫ್ನಾ ಚೌಕ ನೋಡಲೇಬೇಕು, ಸಂಜೆಯ ಹೊತ್ತು ಹೊಗೆ, ಡೋಲು, ಕಥೆ ಹೇಳುವವರು. ಕೈಗಳು ಜೇಬಿನಲ್ಲಿರಲಿ. ಗೋರಂಟಿ ಹಾಕುವ ಹೆಂಗಸರು ಕೇಳದೆಯೇ ಕೈ ಹಿಡಿದು ಹಾಕಲು ಶುರುಮಾಡುತ್ತಾರೆ, ಆಮೇಲೆ ಬಾಯಿಗೆ ಬಂದ ರೇಟು. ಕಪ್ಪು ಬಣ್ಣದ್ದಂತೂ ಬೇಡವೇ ಬೇಡ, ಅದರಲ್ಲಿರುವ ರಾಸಾಯನಿಕಕ್ಕೆ ಚರ್ಮ ಬೊಬ್ಬೆ ಬರುತ್ತದೆ. ಹಾವು, ಕೋತಿಯವರ ಫೋಟೊ ತೆಗೆದರೆ ದುಡ್ಡು. ಅಲ್ಲಿನ ಗಲ್ಲಿಗಳಲ್ಲಿ ಬೈಕುಗಳು ರಭಸವಾಗಿ ನುಗ್ಗುತ್ತವೆ, ಬ್ಯಾಗ್ ಗೋಡೆಯ ಕಡೆಗಿರಲಿ. ಮೇಲಿನ ಟೆರೇಸ್ ಹೋಟೆಲಿನಲ್ಲಿ ಒಂದು ಜ್ಯೂಸ್ ಹಿಡಿದು ಕೂತರೆ ಇಡೀ ಚೌಕ ಆರಾಮಾಗಿ ಕಾಣುತ್ತದೆ.

ಬಟ್ಟೆ ವಿಷಯದಲ್ಲಿ ನಮಗೆ ಕಷ್ಟವೇ ಇಲ್ಲ. ಉದ್ದ ಕುರ್ತಾ, ಸಡಿಲ ಪ್ಯಾಂಟ್, ಹೆಗಲಿಗೊಂದು ದುಪಟ್ಟಾ ಸಾಕು. ತಲೆ ಮುಚ್ಚಬೇಕಿಲ್ಲ. ಬೀದಿಗೆ ಮುಖ ಮಾಡಿ ಕುರ್ಚಿ ಹಾಕಿರುವ ಕೆಫೆಗಳಲ್ಲಿ ಬರೀ ಗಂಡಸರಿರುತ್ತಾರೆ. ಕೂರಬಾರದು ಅಂತಲ್ಲ, ನೆಮ್ಮದಿ ಇರಲ್ಲ. "ಸಲೋನ್ ದ ತೆ", ಅಂದರೆ ಚಹಾದಂಗಡಿ, ಅಂತ ಬೋರ್ಡ್ ಇರುವ ಕಡೆ, ಬೇಕರಿಗಳ ಕಡೆ ಹೋಗಿ, ಹೆಂಗಸರು ಮಕ್ಕಳು ಕಾಣುತ್ತಾರೆ. ಸಸ್ಯಾಹಾರಿಗಳು "ಬ್ಲಾ ಲ್ಹಮ್" ಅಂದರೆ ಮಾಂಸ ಹಾಕಲ್ಲ. ಮಣ್ಣಿನ ಪಾತ್ರೆಯಲ್ಲಿ ಬೇಯಿಸುವ ತರಕಾರಿ ತಾಜೀನ್‌ನಲ್ಲಿ ಮಾಂಸದ ರಸ ಇರಬಹುದು, ಕೇಳಿಯೇ ತಿನ್ನಿ. ಬೆಳಗಿನ ಬಿಸಾರಾ, ಅಂದರೆ ಒಣ ಅವರೆ ಜಾತಿಯ ಕಾಳು ಬೇಯಿಸಿ ಕಡೆದು ಆಲಿವ್ ಎಣ್ಣೆ, ಜೀರಿಗೆ ಪುಡಿ ಉದುರಿಸಿದ ಗಂಜಿ, ನನಗೆ ಬಹಳ ಹಿಡಿಸಿತು.

ಹಮ್ಮಾಮ್ ಬಿಟ್ಟು ಬರಬೇಡಿ. ಬೀದಿಯ ಸಾರ್ವಜನಿಕ ಸ್ನಾನದ ಮನೆ ಅದು. ಹೆಂಗಸರಿಗೆ ಬೇರೆ ಹೊತ್ತು ಅಥವಾ ಬೇರೆ ಬಾಗಿಲು. ಒಳಉಡುಪು ತೊಟ್ಟೇ ಇರಬಹುದು. ಕಪ್ಪು ಸಾಬೂನು ಹಚ್ಚಿ, ಒರಟು ಕೈಗವಸಿನಿಂದ ಬೆನ್ನು ತಿಕ್ಕಿಕೊಡುತ್ತಾರೆ. ಗಂಡಸರ ಕಣ್ಣು ತಪ್ಪಿಸಿಕೊಂಡು ಅಲ್ಲಿನ ಹೆಂಗಸರ ಜೊತೆ ಹರಟಬಹುದಾದ ಜಾಗ. ಭಾಷೆ ಬರದಿದ್ದರೂ ನಡೆಯುತ್ತದೆ.

ಮರುಭೂಮಿ, ಬೆಟ್ಟಗಳಿಗೆ ಮಾತ್ರ ನನ್ನ ಧಾಟಿ ಬೇರೆ. ಅಲ್ಲಿ ಒಬ್ಬರೇ ಬೇಡ. 2018ರ ಡಿಸೆಂಬರ್‌ನಲ್ಲಿ ಇಮ್ಲಿಲ್ ಹತ್ತಿರ ಬೆಟ್ಟದಲ್ಲಿ ಟೆಂಟ್ ಹಾಕಿದ್ದ ಇಬ್ಬರು ಸ್ಕ್ಯಾಂಡಿನೇವಿಯಾದ ಯುವತಿಯರನ್ನು ಉಗ್ರರು ಕೊಂದರು. ಆಮೇಲೆ 4,167 ಮೀಟರ್ ಎತ್ತರದ ತೂಬ್ಕಾಲ್ ಶಿಖರ ಹತ್ತಲು ಪರವಾನಗಿ ಇರುವ ಗೈಡ್ ಕಡ್ಡಾಯ, ದಾರಿಯಲ್ಲಿ ಪಾಸ್‌ಪೋರ್ಟ್ ತಪಾಸಣೆ ಇದೆ. ಮೆರ್ಜೂಗಾದ ಮರಳುದಿಬ್ಬಗಳಿಗೆ ಗುಂಪಿನ ಜೊತೆ ಹೋಗಿ. ಗುಂಪಿನಲ್ಲಿ ಬೇರೆ ಹೆಂಗಸರಿದ್ದಾರಾ, ಟೆಂಟಿಗೆ ಬೀಗ ಇದೆಯಾ ಅಂತ ದುಡ್ಡು ಕಟ್ಟುವ ಮುಂಚೆ ಕೇಳಿ. "ನಕ್ಷತ್ರ ನೋಡೋಣ ಬನ್ನಿ" ಅಂತ ಕ್ಯಾಂಪಿನವನು ಒಬ್ಬರನ್ನೇ ಕರೆದರೆ ಟೆಂಟಿನ ಬಾಗಿಲಿಂದಲೇ ನಕ್ಷತ್ರ ಕಾಣುತ್ತೆ ಅನ್ನಿ. ಶೆಫ್‌ಶಾವೆನ್‌ನಲ್ಲಿ ಗಾಂಜಾ ಜಾತಿಯ ಕೀಫ್ ಬೇಕಾ ಅಂತ ಪಿಸುಗುಟ್ಟುವವರಿಗೆ ಕಿವುಡಾಗಿ.

ರಂಜಾನ್‌ನಲ್ಲಿ ಹೋಗುವವರಿಗೆ ಒಂದು ಮಾತು. ಸೂರ್ಯ ಮುಳುಗಿ ಉಪವಾಸ ಬಿಡುವ ಹೊತ್ತಿಗೆ ಬೀದಿಗಳು ಪೂರ್ತಿ ಖಾಲಿ, ಟ್ಯಾಕ್ಸಿಯೂ ಸಿಗದು. ಅಷ್ಟರೊಳಗೆ ರಿಯಾದ್ ಸೇರಿರಿ. ಮಾಮೂಲಿ ದಿನಗಳಲ್ಲಿ ಮೊರಾಕ್ಕೊ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ರಂಜಾನ್ ತಿಂಗಳಲ್ಲಿ ಅವರು ಗಡಿಯಾರ ಒಂದು ಗಂಟೆ ಹಿಂದೆ ಸರಿಸುತ್ತಾರೆ, ಆಗ ಐದೂವರೆ. ಇದನ್ನು ಅಮ್ಮನಿಗೆ ಮೊದಲೇ ಹೇಳಿಡಿ. ಇಲ್ಲದಿದ್ದರೆ ನೀವು ಸಂಜೆ ಏಳಕ್ಕೆ ಫೋನ್ ಮಾಡ್ತೀನಿ ಅಂದಿರುತ್ತೀರಿ, ಇಲ್ಲಿ ಅವರು ಮಧ್ಯರಾತ್ರಿವರೆಗೆ ನಿದ್ದೆಗೆಟ್ಟು ನಿಮ್ಮ ಚಿಕ್ಕಪ್ಪನಿಗೆಲ್ಲ ಫೋನ್ ಹಚ್ಚಿರುತ್ತಾರೆ.