ಕಪ್ ಕಸಿದವರ ಟೆಂಟಿನಲ್ಲಿ

ಎಸ್ಪ್ಲನೇಡ್ ಮೆಟ್ರೋದಲ್ಲಿ ಇಳಿದು ಮೈದಾನದ ಕಡೆ ನಡೆದೆ. ಕೋಲ್ಕತ್ತಾದಲ್ಲಿ ಮೈದಾನ ಅಂದರೆ ಫೋರ್ಟ್ ವಿಲಿಯಂ ಸುತ್ತ ಹರಡಿರುವ ದೊಡ್ಡ ಹಸಿರು ಬಯಲು. ಸೈನ್ಯದ ಜಾಗ. ಬೇಕಾದ ಹಾಗೆ ಕಟ್ಟಡ ಎಬ್ಬಿಸುವಂತಿಲ್ಲ. ಅದಕ್ಕೇ ಇಲ್ಲಿನ ಫುಟ್‌ಬಾಲ್ ಕ್ಲಬ್‌ಗಳ ಮನೆಗೆ ಇವತ್ತಿಗೂ 'ಟೆಂಟ್' ಅಂತಲೇ ಹೆಸರು.

ನನಗೆ ಬೇಕಿದ್ದದ್ದು ಮೋಹನ್ ಬಾಗಾನ್ ಟೆಂಟ್. ದಾರಿಯಲ್ಲಿ ಒಬ್ಬರು ಕೈ ತೋರಿಸಿದ ಕಡೆ ಹೋದರೆ ಎಲ್ಲೆಲ್ಲೂ ಕೆಂಪು-ಹಳದಿ! ಅದು ಈಸ್ಟ್ ಬೆಂಗಾಲ್. 1920ರಲ್ಲಿ ಹುಟ್ಟಿದ ಬದ್ಧ ಎದುರಾಳಿ, ಪಕ್ಕದ ಮನೆಯವರು ಬೇರೆ. ಬೇಕಂತಲೇ ಕಳಿಸಿದರೋ ಏನೋ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನಾನು ಬೆಂಗಳೂರು ಎಫ್‌ಸಿ ಕಡೆಯವನು. 2015ರ ಮೇ 31, ಕಂಠೀರವ, ಆಗ ದೇಶದ ಅಗ್ರ ಫುಟ್‌ಬಾಲ್ ಲೀಗ್ ಆಗಿದ್ದ ಐ-ಲೀಗ್‌ನ ಕೊನೆಯ ಪಂದ್ಯ. ನಾವು ಗೆಲ್ಲಲೇಬೇಕಿತ್ತು, ಮೋಹನ್ ಬಾಗಾನ್‌ಗೆ ಡ್ರಾ ಸಾಕಿತ್ತು. 1-0 ಮುಂದಿದ್ದೆವು. 87ನೇ ನಿಮಿಷದಲ್ಲಿ ಸೋನಿ ನಾರ್ಡೆ ಕಾರ್ನರ್, ಬೆಲ್ಲೋ ರಜಾಕ್ ಹೆಡರ್. ಮುಗೀತು ಕಥೆ. 2023ರಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫೈನಲ್, ಪೆನಾಲ್ಟಿಯಲ್ಲಿ ಮತ್ತೆ ಅವರೇ. 2025ರ ಫೈನಲ್ಲೂ ಅವರದೇ, ಹೆಚ್ಚುವರಿ ಸಮಯದಲ್ಲಿ. ಹೊಟ್ಟೆಯುರಿ ಜಾಸ್ತಿಯಾಗಿಯೇ ಇವರ ಮನೆ ನೋಡಲು ಬಂದೆ ಅನ್ನಿ.

ಹಸಿರು-ಮರೂನ್ ಗೇಟು ದಾಟಿದರೆ ಹುಲ್ಲುಹಾಸು, ಟೀ ಹಿಡಿದು ಕೂತ ಹಿರಿಯರು. ಕ್ಲಬ್ ಶುರುವಾದದ್ದು 1889ರ ಆಗಸ್ಟ್ 15ಕ್ಕೆ. ಆದರೆ ಇಲ್ಲಿ ಯಾರನ್ನು ಮಾತಾಡಿಸಿದರೂ ಕಥೆ ಆರಂಭವಾಗುವುದು 1911ರ ಜುಲೈ 29ರಿಂದಲೇ. ಇಂಡಿಯನ್ ಫುಟ್‌ಬಾಲ್ ಅಸೋಸಿಯೇಷನ್ ನಡೆಸುವ ಟೂರ್ನಿ, ಐಎಫ್‌ಎ ಶೀಲ್ಡ್‌ನ ಫೈನಲ್. ಎದುರಿಗೆ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟಿನ ಬೂಟುಧಾರಿ ಸೈನಿಕರು. ಇವರ ಹನ್ನೊಂದು ಜನರಲ್ಲಿ ಬೂಟು ಇದ್ದದ್ದು ಸುಧೀರ್ ಚಟರ್ಜಿಗೆ ಮಾತ್ರ, ಉಳಿದವರೆಲ್ಲ ಬರಿಗಾಲು. ಮೊದಲ ಗೋಲು ಬ್ರಿಟಿಷರದ್ದು. ನಾಯಕ ಶಿಬ್‌ದಾಸ್ ಭಾದುರಿ ಸಮ ಮಾಡಿದರು. ಇನ್ನೇನು ಆಟ ಮುಗಿಯಬೇಕು, ಅಭಿಲಾಷ್ ಘೋಷ್ ಎರಡನೆಯದನ್ನು ಹೊಡೆದರು. ಹಿಂದೆ ನಿಂತವರಿಗೆ ಆಟ ಕಾಣುತ್ತಿರಲಿಲ್ಲವಂತೆ, ಸ್ಕೋರು ತಿಳಿಸಲು ಗಾಳಿಪಟ ಹಾರಿಸಿದರಂತೆ! ಅದೇ ಡಿಸೆಂಬರಿನಲ್ಲಿ ರಾಜಧಾನಿಯನ್ನು ದೆಹಲಿಗೆ ಸಾಗಿಸುವ ಘೋಷಣೆ ಬಂತು. ಈ ಸೋಲಿನಿಂದಲೇ ಅನ್ನುವವರೂ ಇದ್ದಾರೆ. ನನಗೆ ನಂಬಿಕೆಯಿಲ್ಲ, ಆದರೆ ಟೆಂಟಿನಲ್ಲಿ ಕೂತು ಅದನ್ನು ಹೇಳುವ ಧೈರ್ಯ ಬರಲಿಲ್ಲ.

ಆಮೇಲಿನ ಕಪ್‌ಗಳ ಪಟ್ಟಿ ಉದ್ದವಿದೆ, ಬಿಡಿ. ಇಡೀ ಕ್ಲಬ್ ಜೀವನವನ್ನು ಇಲ್ಲೇ ಕಳೆದ ಚುನಿ ಗೋಸ್ವಾಮಿ, 1977ರಲ್ಲಿ ಪೆಲೆ ಇದ್ದ ನ್ಯೂಯಾರ್ಕ್‌ನ ಕಾಸ್ಮೋಸ್ ತಂಡದ ಜೊತೆ ಈಡನ್ ಗಾರ್ಡನ್ಸ್‌ನಲ್ಲಿ ಆಡಿದ 2-2 ಡ್ರಾ, ಇವೆಲ್ಲ ಮೊನ್ನೆ ಮೊನ್ನೆ ನಡೆದ ಹಾಗೆ ಹೇಳುತ್ತಾರೆ.

"ಯಾವೂರು?" ಒಬ್ಬ ಅಜ್ಜ ಕೇಳಿದರು. ಬೆಂಗಳೂರು ಅಂದೆ. ಮುಖ ಅರಳಿತು. "ಬೆಲ್ಲೋ! ನೆನಪಿದೆ ಅಲ್ವಾ?" ಅಂತ ತಲೆ ಆಡಿಸಿ ಹೆಡರ್ ಮಾಡಿಯೇ ತೋರಿಸಿದರು. ನಾನೂ ಸುಮ್ನಿರಲಿಲ್ಲ. 1975ರ ಶೀಲ್ಡ್ ಫೈನಲ್‌ನಲ್ಲಿ ಏನಾಗಿತ್ತು ಅಂತ ಕೇಳಿಯೇಬಿಟ್ಟೆ. ಈಸ್ಟ್ ಬೆಂಗಾಲ್ 5, ಇವರು ಸೊನ್ನೆ.

ಅಜ್ಜ ಟೀ ಲೋಟ ಕೆಳಗಿಟ್ಟರು. "ದಾರಿ ಯಾರು ತೋರಿಸಿದ್ದು ನಿಮಗೆ?" ಅಂದರು.