ಬಲಿಯದೆ ಉಳಿದ ಕೋಶಗಳು

ಕ್ಯಾನ್ಸರ್ ಅಂತ ಬರೆದ ಬಯಾಪ್ಸಿ ರಿಪೋರ್ಟ್ ಕೈಗೆ ಬಂದ ಕೂಡಲೇ ಹೆಚ್ಚಿನವರು ಕೇಳೋದು ಒಂದೇ ಮಾತು. "ಎಷ್ಟನೇ ಸ್ಟೇಜ್ ಐತ್ರಿ ಅಕ್ಕಾರ?" ಆದರೆ ಸಣ್ಣ ತುಕಡಿ ನೋಡಿ ಬರೆದ ಆ ಹಾಳೆಯಲ್ಲಿ ಸ್ಟೇಜ್ ಇರುವುದಿಲ್ಲ. ಅದರಲ್ಲಿರುವುದು ಗ್ರೇಡ್, ಅಂದರೆ ಕೋಶಗಳು ಎಷ್ಟು ಬಲಿತಿವೆ ಅನ್ನುವ ಲೆಕ್ಕ. ವೆಲ್ (ಚೆನ್ನಾಗಿ), ಮಾಡರೇಟ್ಲಿ (ಸುಮಾರಾಗಿ), ಪೂರ್ಲಿ (ತೀರಾ ಕಡಿಮೆ) ಡಿಫರೆನ್ಷಿಯೇಟೆಡ್ (ಬಲಿತದ್ದು), ಈ ಮೂರರಲ್ಲಿ ಒಂದು. ನಾನು ವಿಜಯಪುರದ ಒಂದು ಪೆಥಾಲಜಿ ಲ್ಯಾಬಿನಲ್ಲಿ ಟೆಕ್ನಿಷಿಯನ್. ರಿಪೋರ್ಟ್ ಬರೆಯುವವರು ಡಾಕ್ಟರ್, ಸ್ಲೈಡ್ ತಯಾರಿಸುವವರು ನಾವು. ರಿಪೋರ್ಟ್ ಕೊಡುವ ಕಿಟಕಿಯ ಹತ್ತಿರ ನಿಂತು ಎರಡು ನಿಮಿಷದಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮಲ್ಲಿಗೆ ಬಾಯಿಯ ತುಕಡಿಗಳು ಜಾಸ್ತಿ ಬರುತ್ತವೆ. ಗುಟ್ಕಾ, ಸುಣ್ಣ-ತಂಬಾಕು ಒತ್ತರಿಸಿಟ್ಟುಕೊಳ್ಳುವ ಕಡೆಯ ಕೆನ್ನೆಯ ಒಳಭಾಗ, ನಾಲಿಗೆಯ ಅಂಚು. ಕೆಡದಂತೆ ಫಾರ್ಮಲಿನ್ ದ್ರವದ ಡಬ್ಬಿಯಲ್ಲಿ ಹಾಕಿ ಕಳಿಸಿದ ತುಕಡಿಯನ್ನು ಮೇಣದಲ್ಲಿ ಕೂರಿಸಿ, ಮೈಕ್ರೊಟೋಮ್‌ನಲ್ಲಿ 3-4 ಮೈಕ್ರಾನ್ ದಪ್ಪಕ್ಕೆ ಕೊಯ್ಯುತ್ತೇವೆ. ಒಂದು ಮಿಲಿಮೀಟರಿನಲ್ಲಿ 1,000 ಮೈಕ್ರಾನ್. ಇಲ್ಲಿನ ಬೇಸಿಗೆಯಲ್ಲಿ ಮೇಣ ಮೆತ್ತಗಾಗಿ ಪದರ ಮುದುಡುತ್ತದೆ, ಬ್ಲಾಕನ್ನು ಐಸ್ ಮೇಲಿಟ್ಟು ತಣ್ಣಗೆ ಮಾಡಿಯೇ ಕೊಯ್ಯಬೇಕು. ಆಮೇಲೆ ಎರಡು ಬಣ್ಣ ಹಾಕುತ್ತೇವೆ. ನ್ಯೂಕ್ಲಿಯಸ್ ನೀಲಿಯಾಗಿ, ಅದರ ಸುತ್ತಲಿನ ಭಾಗ ಗುಲಾಬಿಯಾಗಿ ಕಾಣುತ್ತದೆ.

ಆರೋಗ್ಯವಾಗಿರುವ ಬಾಯಿಯ ಒಳಪದರ ನೋಡಲು ಬಹಳ ಚಂದ. ತಳದಲ್ಲಿ ಒಂದು ಸಾಲು ಎಳೆಯ ಕೋಶಗಳು. ಹೊಸ ಕೋಶ ಹುಟ್ಟುವುದು ಅಲ್ಲೇ. ಹುಟ್ಟಿದವು ಮೇಲೆ ಸರಿಯುತ್ತಾ ಬಲಿಯುತ್ತವೆ, ಚಪ್ಪಟೆಯಾಗುತ್ತವೆ, ಕೊನೆಗೆ ಉದುರಿ ಹೋಗುತ್ತವೆ. ಒಮ್ಮೆ ಬಲಿತ ಕೋಶ ಮತ್ತೆ ಎರಡಾಗುವುದಿಲ್ಲ. ಹೀಗೆ ಬಲಿತು ತನ್ನ ಕೆಲಸಕ್ಕೆ ತಯಾರಾಗುವುದನ್ನೇ ಡಿಫರೆನ್ಷಿಯೇಷನ್ ಅನ್ನುತ್ತಾರೆ.

ಕ್ಯಾನ್ಸರಿನಲ್ಲಿ ಕೆಡುವುದು ಇದೇ. ಕೋಶದ ಜೀನ್‌ಗಳಿಗೆ ಒಂದರ ಮೇಲೊಂದು ಪೆಟ್ಟು ಬಿದ್ದು, ಬಲಿಯುವ ದಾರಿ ಅರ್ಧಕ್ಕೇ ನಿಲ್ಲುತ್ತದೆ. ಎರಡಾಗುವುದು ಮಾತ್ರ ನಿಲ್ಲುವುದಿಲ್ಲ. ವೆಲ್ ಡಿಫರೆನ್ಷಿಯೇಟೆಡ್ ಗಡ್ಡೆಯ ಕೋಶಗಳಿಗೆ ತಮ್ಮ ಹಳೆಯ ಕಸುಬು ಇನ್ನೂ ನೆನಪಿರುತ್ತದೆ. ಬಾಯಿಯ ಕೋಶಗಳಾದರೆ ಕೆರಾಟಿನ್ ತಯಾರಿಸುತ್ತವೆ, ನಮ್ಮ ಉಗುರು, ಕೂದಲಿನಲ್ಲಿರುವ ಗಟ್ಟಿ ಪ್ರೋಟೀನ್ ಅದು. ಅದು ಪದರದ ಮೇಲೆ ಪದರವಾಗಿ ಸುತ್ತಿಕೊಂಡು ಗುಲಾಬಿ ಬಣ್ಣದ ಗುಂಡುಗಳಾಗುತ್ತದೆ. ನಾವು ಅವುಗಳನ್ನು ಕೆರಾಟಿನ್ ಪರ್ಲ್ ಅನ್ನುತ್ತೇವೆ. ಪೂರ್ಲಿ ಅಂತ ಬರೆದಿದ್ದರಲ್ಲಿ ಅವು ಕಾಣುವುದೇ ಅಪರೂಪ. ತೆನೆ ಕಟ್ಟದೆ ಬರೀ ದಂಟು ಬೆಳೆಸುವ ಜೋಳದ ಹಾಗೆ. ಕೆಲವು ಸಲ ಇದು ಯಾವ ಅಂಗದ ಕೋಶ ಅಂತ ಗೊತ್ತು ಮಾಡಲಿಕ್ಕೇ ಬೇರೆ ಪರೀಕ್ಷೆ ಬೇಕಾಗುತ್ತದೆ. ಹೀಗೆ ಎಷ್ಟು ಬಲಿತಿವೆ ಅಂತ ನೋಡಿ ಗ್ರೇಡ್ ಕೊಡುವ ಪದ್ಧತಿಯನ್ನು ಅಮೆರಿಕದ ಮೇಯೊ ಕ್ಲಿನಿಕ್‌ನ ಆಲ್ಬರ್ಟ್ ಬ್ರೋಡರ್ಸ್ 1920ರಲ್ಲಿ ತುಟಿಯ ಕ್ಯಾನ್ಸರಿನ ಮೇಲೆ ಮಾಡಿ ತೋರಿಸಿದರು.

ಸ್ಟೇಜ್ ಬೇರೆಯೇ ಲೆಕ್ಕ. ಗಡ್ಡೆ ಎಷ್ಟು ದೊಡ್ಡದು, ಎಷ್ಟು ಆಳ, ಕುತ್ತಿಗೆಯ ದುಗ್ಧಗ್ರಂಥಿಗಳಿಗೆ (ಲಿಂಫ್ ನೋಡ್) ಹೋಗಿದೆಯಾ, ದೂರ ಹಬ್ಬಿದೆಯಾ ಅನ್ನುವುದು. ಬಾಯಿಯ ಕ್ಯಾನ್ಸರಿನ ಚಿಕಿತ್ಸೆ ಹೆಚ್ಚಾಗಿ ನಿಂತಿರುವುದು ಇದರ ಮೇಲೆ. 'ವೆಲ್' ಅಂತ ಓದಿ, ಸದ್ಯ ಪರವಾಗಿಲ್ಲ ಅಂತ ಸುಗ್ಗಿ ಮುಗಿಯುವ ತನಕ ಮುಂದೂಡುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಅದೂ ಕ್ಯಾನ್ಸರೇ. ಅದೂ ಕುತ್ತಿಗೆಗೆ ಹೋಗುತ್ತದೆ. 'ಪೂರ್ಲಿ' ಅಂತ ಓದಿ ಕೈಚೆಲ್ಲುವವರದ್ದೂ ಅಷ್ಟೇ ಬೇಸರದ ಮಾತು. ಬೇಗ ಬೇಗ ಎರಡಾಗುವ ಕೋಶಗಳಿಗೆ ಎಷ್ಟೋ ಸಲ ಕೀಮೊ, ರೇಡಿಯೇಷನ್ ಚೆನ್ನಾಗಿ ತಾಗುತ್ತವೆ.

ಕ್ಯಾನ್ಸರ್ ಕೋಶ ಎಲ್ಲಕ್ಕಿಂತ ವೇಗವಾಗಿ ಬೆಳೆಯುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಹಾಗೇನಿಲ್ಲ. ನಮ್ಮ ಕರುಳಿನ ಒಳಪದರ, ಮೂಳೆಯೊಳಗಿನ ಮಜ್ಜೆ ಎಷ್ಟೋ ಗಡ್ಡೆಗಳಿಗಿಂತ ಬೇಗ ಹೊಸ ಕೋಶ ಹುಟ್ಟಿಸುತ್ತವೆ. ಅಲ್ಲಿ ಹುಟ್ಟಿದಷ್ಟೇ ಹೋಗುತ್ತವೆ, ಲೆಕ್ಕ ಸರಿಹೋಗುತ್ತದೆ. ಗಡ್ಡೆಯಲ್ಲಿ ಹುಟ್ಟಿದಷ್ಟು ಹೋಗುವುದಿಲ್ಲ. ಒಂದು ಎರಡಾಗಿ, ಎರಡು ನಾಲ್ಕಾಗಿ, ಹೀಗೆ 30 ಸಲ ಆದರೆ 100 ಕೋಟಿ ದಾಟುತ್ತದೆ. ಒಂದು ಸೆಂಟಿಮೀಟರಿನ, ಹೆಚ್ಚುಕಡಿಮೆ ಒಂದು ಗ್ರಾಂ ತೂಕದ ಗಂಟಿನಲ್ಲಿ ಇರುವುದು ಸುಮಾರು ಅಷ್ಟು. ಅಂದರೆ ನಾಲಿಗೆಗೆ ಗಂಟು ತಾಗುವ ಹೊತ್ತಿಗೆ ಒಳಗೆ ಎಷ್ಟೋ ಕಾಲದಿಂದ ಕೆಲಸ ನಡೆದಿರುತ್ತದೆ. ಮುಂದೆ ಅದೇ ಲೆಕ್ಕದಲ್ಲಿ ಒಂದು ಕೆಜಿ ಆಗಲು ಇನ್ನು 10 ಸಲ ಸಾಕು. ಅದಕ್ಕೇ ಎರಡು ವಾರದಲ್ಲಿ ಮಾಯದ ಹುಣ್ಣನ್ನು, ಬಿಳಿ ಅಥವಾ ಕೆಂಪು ಮಚ್ಚೆಯನ್ನು ಡಾಕ್ಟರಿಗೆ ತೋರಿಸಿ ಅಂತ ಬೇಡಿಕೊಳ್ಳುವುದು.

ಈ ವಿಷಯದಲ್ಲಿ ನನಗೆ ತುಂಬಾ ಇಷ್ಟವಾದ ಸಂಗತಿ ಒಂದಿದೆ. ಅಕ್ಯೂಟ್ ಪ್ರೊಮೈಲೊಸೈಟಿಕ್ ಲ್ಯುಕೇಮಿಯಾ ಅಂತ ಒಂದು ರಕ್ತದ ಕ್ಯಾನ್ಸರ್. ಜೀನ್‌ಗಳನ್ನು ಹೊತ್ತಿರುವ ಎಳೆಗಳಾದ ಕ್ರೋಮೋಸೋಮ್‌ಗಳಲ್ಲಿ 15 ಮತ್ತು 17ನೆಯವುಗಳ ತುಂಡುಗಳು ಅದಲು ಬದಲಾಗಿ, ಬಿಳಿ ರಕ್ತಕಣ ಬಲಿಯುವ ಮೊದಲೇ ನಿಂತುಬಿಡುತ್ತದೆ. ಮೊದಲು ರೋಗಿಗಳು ರಕ್ತಸ್ರಾವವಾಗಿ ಬೇಗ ತೀರಿಕೊಳ್ಳುತ್ತಿದ್ದರು. ಶಾಂಘೈನ ಡಾಕ್ಟರ್ ವಾಂಗ್ ಝೆನ್‌ಯಿ 1985ರಲ್ಲಿ ಒಬ್ಬ ಪುಟ್ಟ ಹುಡುಗಿಗೆ ವಿಟಮಿನ್ ಎ ಜಾತಿಯ ಒಂದು ಔಷಧಿ ಕೊಟ್ಟರು. ಅದರ ಹೆಸರು ಆಲ್-ಟ್ರಾನ್ಸ್ ರೆಟಿನೋಯಿಕ್ ಆಸಿಡ್. ಅದು ಕೋಶವನ್ನು ನೇರವಾಗಿ ಕೊಲ್ಲಲಿಲ್ಲ, ಬಲಿಯುವಂತೆ ಮಾಡಿತು. ಬಲಿತ ಕಣ ತನ್ನ ಆಯಸ್ಸು ಮುಗಿಸಿ ತಾನಾಗಿಯೇ ಸತ್ತಿತು. ಹುಡುಗಿ ಚೇತರಿಸಿಕೊಂಡಳು. ಈಗ ಅದರ ಜೊತೆಗೆ ಆರ್ಸೆನಿಕ್ ಟ್ರೈಆಕ್ಸೈಡನ್ನೂ ಕೊಡುತ್ತಾರೆ. ಸಮಯಕ್ಕೆ ಸರಿಯಾಗಿ ಚಿಕಿತ್ಸೆ ಸಿಕ್ಕರೆ ಹೆಚ್ಚಿನವರು ಗುಣವಾಗುತ್ತಾರೆ.

ಇದನ್ನು ಓದಿ ಯಾರೂ ಬಾಯಿಯ ಗಡ್ಡೆಗೆ ವಿಟಮಿನ್ ಎ ಗುಳಿಗೆ ನುಂಗಬೇಡಿ. ಆ ಔಷಧಿ ಕೆಲಸ ಮಾಡುವುದು ಆ ಲ್ಯುಕೇಮಿಯಾದ ನಿರ್ದಿಷ್ಟ ದೋಷದ ಮೇಲೆ. ಬಾಯಿಯ ಕ್ಯಾನ್ಸರಿಗೆ ಈಗಲೂ ಆಪರೇಷನ್, ರೇಡಿಯೇಷನ್, ಬೇಕಾದರೆ ಕೀಮೊ. ಹುಬ್ಬಳ್ಳಿಗೋ ಬೆಂಗಳೂರಿಗೋ ಹೊರಟಿದ್ದರೆ ರಿಪೋರ್ಟಿನ ಜೊತೆ ನಿಮ್ಮ ಸ್ಲೈಡು, ಮೇಣದ ಬ್ಲಾಕನ್ನೂ ಲ್ಯಾಬಿನಲ್ಲಿ ಕೇಳಿ ತೆಗೆದುಕೊಂಡು ಹೋಗಿ. ಅಲ್ಲಿನ ಡಾಕ್ಟರು ಮತ್ತೊಮ್ಮೆ ನೋಡಬೇಕು ಅಂದರೆ ಹೊಸದಾಗಿ ತುಕಡಿ ತೆಗೆಯುವ ನೋವು ಎಷ್ಟೋ ಸಲ ತಪ್ಪುತ್ತದೆ.