ಹೇಲೋ ಬಂತು, ಜಗಳ ಹೋಯ್ತು

2025ರ ಅಕ್ಟೋಬರ್ ಕೊನೆ. ಶನಿವಾರ ಬೆಳಿಗ್ಗೆ ಕಣ್ಣು ಬಿಟ್ಟು ಫೋನ್ ನೋಡಿದರೆ ಮೊದಲ ಸುದ್ದಿಯೇ ಅದು. ಹೇಲೋ ಅನ್ನೋ ವಿಡಿಯೊ ಗೇಮ್ ಪ್ಲೇಸ್ಟೇಷನ್‌ಗೆ ಬರುತ್ತಿದೆ. ಮುಖ ಕೂಡ ತೊಳೆಯದೆ ಅಣ್ಣನಿಗೆ ಫೋನ್ ಹಚ್ಚಿದೆ. ಅಣ್ಣ ಅಂದರೆ ದೊಡ್ಡಮ್ಮನ ಮಗ. ನನಗಿಂತ ನಾಲ್ಕು ವರ್ಷ ದೊಡ್ಡವನು. ಅವನು ಎಕ್ಸ್‌ಬಾಕ್ಸ್ ಪಾರ್ಟಿ, ನಾನು ಪ್ಲೇಸ್ಟೇಷನ್ ಪಾರ್ಟಿ. ಎರಡೂ ಟಿವಿಗೆ ಹಚ್ಚಿ ಆಡುವ ಗೇಮ್ ಡಬ್ಬಗಳು, ಮೈಕ್ರೋಸಾಫ್ಟ್‌ದು ಒಂದು, ಸೋನಿದು ಇನ್ನೊಂದು.

“ಅಣ್ಣ, ನೋಡಿದ್ಯಾ?”

“ನೋಡ್ದೆ.”

“ಹೇಲೋ ಕಣೋ! ನಮ್ಮ ಕಡೆ!”

“ಹೂಂ. ಈಗೇನು ಮಾಡ್ಬೇಕು ಅಂತೀಯ?”

ಅಷ್ಟೇ. ಹದಿನೆಂಟು ವರ್ಷದಿಂದ ಕಾಯುತ್ತಿದ್ದ ಗೆಲುವು ಇದೇನಾ ಅನ್ನಿಸಿತು. ಎದುರಿಗೆ ಕೂತು ಇಸ್ಪೀಟು ಆಡುತ್ತಿದ್ದವನು ಎಲೆ ಕೆಳಗಿಟ್ಟು ಎದ್ದು ಹೋದ ಹಾಗೆ.

ಹೇಲೋ ಗೊತ್ತಿಲ್ಲದವರಿಗೆ ಒಂದು ಮಾತು. 2001ರಲ್ಲಿ ಮೊದಲ ಎಕ್ಸ್‌ಬಾಕ್ಸ್ ಜೊತೆಗೇ ಬಂದ ಆಟ ಅದು, ಪ್ಲೇಸ್ಟೇಷನ್‌ಗೆ ಯಾವತ್ತೂ ಬಂದಿರಲಿಲ್ಲ. ಅದಕ್ಕೋಸ್ಕರವೇ ಡಬ್ಬ ಕೊಂಡವರು ಬೇಕಾದಷ್ಟು ಜನ. ಆ ಮೊದಲ ಆಟದ ಕಥೆಯನ್ನೇ ಹೊಸದಾಗಿ ಕಟ್ಟಿ 2026ರಲ್ಲಿ ಎಕ್ಸ್‌ಬಾಕ್ಸ್, ಪಿಸಿ, ಪಿಎಸ್5 (ಪ್ಲೇಸ್ಟೇಷನ್ 5) ಮೂರಕ್ಕೂ ಕೊಡುತ್ತೇವೆ ಅಂತ ಅವತ್ತು ಘೋಷಣೆ. ಸೇಗಾ ಕಂಪನಿಯ ಡ್ರೀಮ್‌ಕಾಸ್ಟ್ ಡಬ್ಬ ನಿಂತುಹೋಗಿ, ಅವರ ಸೋನಿಕ್ ಆಟ ಎದುರಾಳಿ ನಿಂಟೆಂಡೊ ಡಬ್ಬದಲ್ಲಿ ಓಡಿದ್ದು ನೋಡಿದಾಗ ಸೇಗಾ ಅಭಿಮಾನಿಗಳಿಗೆ ಹೇಗಾಗಿರಬಹುದು ಅಂತ ಅವತ್ತು ಯೋಚನೆ ಬಂತು. ನಾನು ಗೆದ್ದ ಕಡೆಯವನು, ಆದರೂ.

ಜಗಳ ಶುರುವಾಗಿದ್ದು 2007ರಲ್ಲಿ, ಹೇಲೋ 3ರಿಂದ. ಅವನ ಎಕ್ಸ್‌ಬಾಕ್ಸ್ 360ರಲ್ಲಿ ಟಿವಿ ಪರದೆ ಎರಡು ಭಾಗ ಮಾಡಿಕೊಂಡು ಆಡುತ್ತಿದ್ದೆವು. ಅವನು ಕಥೆಯ ನಾಯಕ ಮಾಸ್ಟರ್ ಚೀಫ್, ನಾನು ಜೊತೆಗಾರ ಆರ್ಬಿಟರ್. ಯಾವಾಗಲೂ ಹಾಗೇ. ನನ್ನ ಕಣ್ಣು ಮಾತ್ರ ಅವನ ಅರ್ಧದ ಮೇಲೆ, ಹಾಗಾಗಿ ನನ್ನ ಅರ್ಧದಲ್ಲಿ ಬಂಡೆಯಿಂದ ಕೆಳಗೆ ಬೀಳುತ್ತಲೇ ಇರುತ್ತಿದ್ದೆ. ಆ ಎರಡನೇ ಕಂಟ್ರೋಲರ್ ಹಿಡಿದು ಸಾಕಾಗಿಯೇ ನಾನು ಪಿಎಸ್3 ತೆಗೆದುಕೊಂಡಿದ್ದು. ಹೊರಗೆ ಹೇಳುವ ಕಾರಣ ಬೇರೆ, ಬಿಡಿ.

ಜಗಳ ತಾರಕಕ್ಕೇರಿದ್ದು 2020ರಲ್ಲಿ. ಎರಡೂ ಹೊಸ ಕನ್ಸೋಲ್ ನವೆಂಬರ್‌ನ ಒಂದೇ ವಾರದಲ್ಲಿ ಬಂದವು. ಅವನ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ 12 ಟೆರಾಫ್ಲಾಪ್, ನನ್ನ ಪಿಎಸ್5 10.28. ನನ್ನ ಎಸ್‌ಎಸ್‌ಡಿ, ಅಂದರೆ ಆಟ ಕೂಡಿಡುವ ಡಿಸ್ಕ್, ಸೆಕೆಂಡಿಗೆ 5.5 ಜಿಬಿ ಓದುತ್ತೆ, ಅವನದ್ದು 2.4. ಈ ನಾಲ್ಕು ಅಂಕಿ ಇಟ್ಟುಕೊಂಡು ತಿಂಗಳುಗಟ್ಟಲೆ ಕಚ್ಚಾಡಿದೆವು. “ಟೆರಾಫ್ಲಾಪ್ ಅಂದ್ರೆ ಏನು?” ಅಂತ ಅತ್ತಿಗೆ ಕೇಳಿದಾಗ ಇಬ್ಬರ ಬಾಯೂ ಬಂದ್. ಸೆಕೆಂಡಿಗೆ ಒಂದು ಲಕ್ಷ ಕೋಟಿ ಲೆಕ್ಕ ಅಂತ ಆಮೇಲೆ ಓದಿಕೊಂಡೆ.

ಒಂದು ದಿನ ಅವನು ತನ್ನ ಡಬ್ಬವನ್ನೇ ಹೊತ್ತು ತಂದ. ಒಂದೇ ಆಟ, ಒಂದೇ ಸೇವ್ ಪಾಯಿಂಟ್. ಅತ್ತಿಗೆ ಕೈಯಲ್ಲಿ ಫೋನಿನ ಸ್ಟಾಪ್‌ವಾಚ್. ಲೋಡ್ ಆಗುವುದರಲ್ಲಿ ವ್ಯತ್ಯಾಸ ಬಂದಿದ್ದು ಎರಡು ಸೆಕೆಂಡ್. ಆಮೇಲೆ ಚಿತ್ರ ಹೋಲಿಸೋಕೆ ಆಟ ನಿಲ್ಲಿಸಿ, ಟಿವಿಗೆ ಮೂಗು ತಾಗಿಸಿ ಹುಲ್ಲಿನ ಎಸಳು ನೋಡಿದ್ದೂ ಆಯಿತು. “ನಿಮಗೆ ಮಾಡೋಕೆ ಬೇರೆ ಕೆಲಸ ಇಲ್ವಾ?” ಅಂದು ಅತ್ತಿಗೆ ಫೋನ್ ಜೇಬಿಗೆ ಹಾಕಿಕೊಂಡರು.

ಆಟ ಬರುವ ತಾರೀಖು ಮುಂದಕ್ಕೆ ಹೋದರಂತೂ ನನಗೆ ಹಬ್ಬ. ಅವನ ಕಡೆಯದು ಮಾತ್ರ. 2020ರ ಜುಲೈನಲ್ಲಿ ಹೇಲೋ ಇನ್ಫಿನಿಟ್ ತೋರಿಸಿದಾಗ ಒಬ್ಬ ಶತ್ರುವಿನ ಪೆದ್ದು ಮುಖ ನೋಡಿ ಜಗತ್ತೇ ನಕ್ಕಿತ್ತು. ಕ್ರೇಗ್ ಅಂತ ಹೆಸರೂ ಇಟ್ಟರು. ಕನ್ಸೋಲ್ ಜೊತೆ ಬರಬೇಕಿದ್ದ ಆಟ 2021ರ ಡಿಸೆಂಬರ್‌ಗೆ ಹೋಯಿತು. ನಾನು ದಿನಕ್ಕೊಂದು ಕ್ರೇಗ್ ಚಿತ್ರ ಅಣ್ಣನಿಗೆ ಕಳಿಸಿದೆ. “ತಡ ಆದ್ರೂ ಚೆನ್ನಾಗಿ ಬರುತ್ತೆ” ಅನ್ನುವುದು ಅವನ ಸಮಾಧಾನ. ಹಾಗೇನೂ ಇಲ್ಲ. ಸೈಬರ್‌ಪಂಕ್ 2077 ಅನ್ನೋ ಆಟ 2020ರಲ್ಲೇ ಮೂರು ಸಲ ಮುಂದಕ್ಕೆ ಹೋಗಿಯೂ ದೋಷ ತುಂಬಿಕೊಂಡೇ ಬಂತು, ಬಂದ ಒಂದು ವಾರಕ್ಕೆಲ್ಲ ಪ್ಲೇಸ್ಟೇಷನ್ ಸ್ಟೋರ್‌ನಿಂದ ತೆಗೆದುಹಾಕಿದರು. ವಾಪಸ್ ಬಂದಿದ್ದು 2021ರ ಜೂನ್‌ನಲ್ಲಿ. ನನ್ನ ಪ್ರಕಾರ ತಡವಾಗುವುದಕ್ಕಿಂತ ತಾರೀಖು ಹೇಳುವ ಅವಸರವೇ ದೊಡ್ಡ ರೋಗ. ಸಿಲ್ಕ್‌ಸಾಂಗ್ ಅನ್ನೋ ಆಟ ನೋಡಿ. 2019ರಲ್ಲಿ ಹೆಸರು ಹೇಳಿದರು, ನಡುವೆ ಜನ ಕಾದು ಕಾದು ಹುಚ್ಚರಾದರು ನಿಜ. ಆದರೆ ಕೊನೆಗೆ ಬರೀ ಎರಡು ವಾರ ಮುಂಚೆ ತಾರೀಖು ಹೇಳಿ, 2025ರ ಸೆಪ್ಟೆಂಬರ್ 4ಕ್ಕೆ ಕೈಗಿಟ್ಟರು. ಅವತ್ತು ಕೊಳ್ಳುವವರ ನೂಕುನುಗ್ಗಲಿಗೆ ಆನ್‌ಲೈನ್ ಅಂಗಡಿಗಳೇ ಮುಗ್ಗರಿಸಿದವು.

ಶನಿವಾರದ ಆ ಫೋನ್ ಆಗಿ ಹದಿನೈದು ದಿನವೂ ಆಗಿರಲಿಲ್ಲ, ಈ ಸಲ ಅವನೇ ಫೋನ್ ಮಾಡಿದ. ಜಿಟಿಎ 6 (ಗ್ರ್ಯಾಂಡ್ ಥೆಫ್ಟ್ ಆಟೋ) ಆಟ ಮತ್ತೆ ಮುಂದಕ್ಕೆ. ಮೊದಲು 2025 ಅಂದಿದ್ದರು, ಆಮೇಲೆ 2026ರ ಮೇ 26, ಅವತ್ತು ಹೇಳಿದ್ದು ನವೆಂಬರ್ 19. ಜಿಟಿಎ 5 ಬಂದಿದ್ದು 2013ರಲ್ಲಿ. ಇಬ್ಬರ ಡಬ್ಬಕ್ಕೂ ಬರುವ ಆಟ, ಹಾಗಾಗಿ ಅಣಕಿಸುವ ಹಾಗೂ ಇಲ್ಲ. ನಿಜ ಹೇಳಬೇಕಂದ್ರೆ ನನಗೆ ಸಿಟ್ಟೂ ಬರಲಿಲ್ಲ. ಕಪಾಟಿನಲ್ಲಿ ಮುಗಿಸದ ಆಟಗಳೇ ಒಂದು ಸಾಲು ಇವೆ.

ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು.

“ಲೋ, ನಿನ್ನ ಹತ್ರ ಎರಡನೇ ಕಂಟ್ರೋಲರ್ ಇದ್ಯಾ?”

“ಇದೆ, ಎಲ್ಲೋ ಬಿದ್ದಿದೆ. ಯಾಕೆ?”

“ಹೊಸ ಹೇಲೋದಲ್ಲಿ ಪರದೆ ಎರಡು ಭಾಗ ಮಾಡಿ ಆಡ್ಬಹುದಂತೆ. ಅಲ್ಲಿಗೇ ಬರ್ತೀನಿ.”

“ಬಾ. ಆದ್ರೆ ಈ ಸಲ ಚೀಫ್ ನಾನು.”

ಅತ್ತ ಕಡೆಯಿಂದ ಜೋರು ನಗು. “ಮೊದಲನೇ ಹೇಲೋದಲ್ಲಿ ಇಬ್ರೂ ಚೀಫೇ ಕಣೋ. ಅಷ್ಟೂ ಗೊತ್ತಿಲ್ವಾ? ಪ್ಲೇಸ್ಟೇಷನ್‌ನವರ ಹಣೆಬರಹವೇ ಇಷ್ಟು.”